ನಮ್ಮ ಕೊಳಕ್ಕೆ ಯಂತ್ರ ಆರಿಸಿಕೊಟ್ಟ ಕಾಕಾ

“ಇದರಾಗ ಯಾರ ಈಜತಾರ?”

ನಮ್ಮ ಹಿತ್ತಲಿನ ಕೊಳವನ್ನು ಮೊದಲ ಸಲ ನೋಡಿದಾಗ ಅವರು ಕೇಳಿದ್ದು ಇಷ್ಟೇ. ಯಾರೂ ಈಜುವುದಿಲ್ಲ ಎಂದೆ.

“ಮತ್ತ ಈಜುಕೊಳ ಅಂತ ಯಾಕ ಅಂತೀರಿ?”

“ಕಟ್ಟಿದವ್ರು ಹಂಗ ಅಂದ್ರು, ನಾವೂ ಅಂದ್ವಿ ಕಾಕಾರ.”

“ಅವರ ಏನರೆ ಅನ್ಲಿ. ನೀವು ಇದರಾಗ ಇಳದು ಏನ ಮಾಡತೀರಿ, ಅದನ್ನ ಹೇಳ್ರಿ. ಯಂತ್ರದ ಮಾತ ಆಮ್ಯಾಲ.”

ಹೀಗೆಂದು ಚಪ್ಪಲಿ ಬಿಟ್ಟು ಕೊಳದ ದಂಡೆಯ ಮೇಲೆ ಕೂತರು. ನೀರು ಯಾವ ಬೋರಿನಿಂದ ಬರುತ್ತದೆ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಪಕ್ಕದ ಬೇವಿನ ಮರ ಯಾವ ತಿಂಗಳು ಎಲೆ ಉದುರಿಸುತ್ತದೆ, ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆ, ಎಲ್ಲ ಕೇಳಿದರು. ಕೊನೆಗೆ, “ಅಕ್ಕಾರ, ನೀವು ಮುಂಜಾನೆ ಎಷ್ಟಕ್ಕ ಏಳತೀರಿ?” ಎಂದರು. ನಾನು ಏಳುವ ಹೊತ್ತಿಗೂ ಕೊಳದ ಯಂತ್ರಕ್ಕೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ. ಐದಕ್ಕೆ ಎಂದೆ. ಕೈಯಲ್ಲಿದ್ದ ಸಣ್ಣ ವಹಿಯಲ್ಲಿ ಅದನ್ನೂ ಬರೆದುಕೊಂಡರು.

ಅವರು ತೀರಿಹೋಗಿ ಈಗ ಒಂದೂವರೆ ತಿಂಗಳು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಗಜೇಂದ್ರಗಡದಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಕಡಿಮೆ. ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಅವರ ಇಡೀ ನೌಕರಿ ಕಳೆಯಿತು. ಮೋಟಾರು ಚಾಲೂ ಮಾಡುವುದು, ಟಾಕಿಗೆ ಬ್ಲೀಚಿಂಗ್ ಪುಡಿ ಕಲಸಿ ಹಾಕುವುದು, ಓಣಿ ಓಣಿಗೆ ಹೋಗಿ ವಾಲ್ವು ತಿರುಗಿಸುವುದು. ಎಲ್ಲರಿಗೂ ಅವರು ಕಾಕಾ. ನಾನು ಇಟಗಿಯಿಂದ ಈ ಮನೆಗೆ ಸೊಸೆಯಾಗಿ ಬಂದ ವಾರ ಕೊಡ ಹಿಡಿದು ನಳದ ಮುಂದೆ ನಿಂತಿದ್ದಾಗ ಅವರೇ ಮಾತಾಡಿಸಿದ್ದರು. “ಹೊಸ ಸೊಸಿ ಅಲ್ಲೇನ್ರಿ? ನಿಮ್ಮೂರ ನೀರು ಸಿಹಿಯೋ, ಸವಳೋ?” ಆ ವಾರ ನನ್ನನ್ನು ನೋಡಲು ಓಣಿಗೆ ಓಣಿಯೇ ಬಂದು ಹೋಗಿತ್ತು. ತವರಿನ ನೀರಿನ ರುಚಿ ಕೇಳಿದವರು ಅವರೊಬ್ಬರೇ.

ಲೋಟ ಕೊಟ್ಟರೆ ಮೊದಲು ಮೂಸುತ್ತಿದ್ದರು, ಆಮೇಲೆ ಕುಡಿಯುತ್ತಿದ್ದರು. ಇದು ಊರಿಗೆಲ್ಲ ಗೊತ್ತು. ಮದುವೆಯ ಪಂಕ್ತಿಯಲ್ಲಿ ಕಾಕಾ ನೀರು ಕುಡಿದರೋ ಇಲ್ಲವೋ ಎಂದು ಅಡಿಗೆಯವರು ಮರೆಯಿಂದ ನೋಡುತ್ತಿದ್ದರು. ಒಮ್ಮೆ ನಮ್ಮ ಬೀಗರ ಮದುವೆಯಲ್ಲಿ ಲೋಟ ಮೂಸಿ ಕೆಳಗಿಟ್ಟು, ಕೈ ತೊಳೆಯುವ ನೆವದಲ್ಲಿ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಬಡಿಸುವವರು ಒಬ್ಬೊಬ್ಬರಾಗಿ ಬಂದು ನೀರಿನ ಜಗ್ಗುಗಳನ್ನು ಒಳಗೆ ಒಯ್ದರು, ಬೇರೆ ನೀರು ಬಂತು. ಮೇಲಿನ ಟಾಕಿಯಲ್ಲಿ ಏನು ಸಿಕ್ಕಿತು ಎಂದು ಅವರು ಬೀಗರಿಗೂ ಹೇಳಲಿಲ್ಲ, ನಮಗೂ ಹೇಳಲಿಲ್ಲ. “ಊಟ ಮಾಡ್ರಿ, ಊಟ ಮಾಡ್ರಿ, ಹೋಳಿಗಿ ಆರತಾವ” ಎಂದು ಬಂದು ಕೂತರು.

ದೇವರಿಗೆ ಅವರು ಕೈ ಮುಗಿದದ್ದಕ್ಕಿಂತ ಪ್ರಶ್ನೆ ಕೇಳಿದ್ದೇ ಹೆಚ್ಚು. ಕಾಲಕಾಲೇಶ್ವರನ ಗುಡ್ಡದಲ್ಲಿ ಬಂಡೆಯೊಳಗಿಂದ ಒಸರುವ ನೀರು ಕಡು ಬೇಸಿಗೆಯಲ್ಲೂ ಯಾಕೆ ನಿಲ್ಲುವುದಿಲ್ಲ ಎಂಬುದು ಅವರ ದೊಡ್ಡ ಕುತೂಹಲ. ಪ್ರತಿ ವರ್ಷ ಒಂದೇ ಬಾಟಲಿ ಒಯ್ದು, ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೈಗಡಿಯಾರ ನೋಡಿ ಬರುತ್ತಿದ್ದರು. ತಿಳಿಯಿತೇನ್ರಿ ಎಂದು ಕೇಳಿದರೆ, “ತಿಳದಿಲ್ಲ. ತಿಳೀದಽ ಇದ್ರೂ ಭಾಳ ಚಲೋ ಐತಿ” ಎನ್ನುತ್ತಿದ್ದರು. ನನ್ನ ಭಕ್ತಿಗೆ ಈ ಮಾತು ಮೊದಮೊದಲು ಸರಿ ಬರುತ್ತಿರಲಿಲ್ಲ. ಈಗ ಬರುತ್ತದೆ.

ನಿವೃತ್ತರಾದ ಮೇಲೆ ಅವರು ನರಗುಂದದ ಕಡೆಯ ಚಿಕ್ಕನರಗುಂದಕ್ಕೆ, ತಮ್ಮ ಮೂಲ ಊರಿಗೆ, ಹೋಗಿ, ಮೊದಲಿನಿಂದಲೂ ಅಲ್ಲೇ ಇದ್ದ ಹೆಂಡತಿಯೊಡನೆ ನೆಲೆಸಿದರು. ಅಲ್ಲಿಂದ ಅವರನ್ನು ಮತ್ತೆ ನಮ್ಮ ಮನೆಗೆ ಎಳೆದು ತಂದದ್ದು ಈ ಕೊಳ.

ನಮ್ಮ ಮನೆಯವರಿಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದವರು ಬಲಕ್ಕೆ ವಾಲಿ ಕೂತುಬಿಟ್ಟರು. ಮಾತು ಉಳಿಯಿತು, ಅದೊಂದು ಕೃಪೆ. ನೆನಪು ಉಳಿಯಿತು, ಅದೊಂದು. ಅಂಗಡಿ ನೋಡಿಕೊಳ್ಳಲು ಮೈದುನ ಇದ್ದ, ಅದೂ ಒಂದು. ಬಲಗೈ, ಬಲಗಾಲು ಮಾತ್ರ ಅವರ ಮಾತು ಕೇಳಲಿಲ್ಲ. ಎದ್ದು ನಿಂತರೆ ಎಡಗೈ ನನ್ನ ಹೆಗಲ ಮೇಲೆ ಬೇಕೇ ಬೇಕು. ಹುಬ್ಬಳ್ಳಿಯ ಡಾಕ್ಟರು ಎದೆಮಟ್ಟದ ನೀರಿನಲ್ಲಿ ದಿನಾ ನಡೆಯಬೇಕು, ಒಂದು ದಿನವೂ ತಪ್ಪಿಸಬಾರದು, ನೀರಿನಲ್ಲಿ ದೇಹ ಹಗುರಾಗಿ ಕಾಲು ಮರೆತದ್ದನ್ನು ಕಲಿಯುತ್ತದೆ ಎಂದರು. ಹಾಗಾಗಿ ಹಿತ್ತಲಲ್ಲಿ ಹದಿನೈದಡಿ ಉದ್ದ, ಎಂಟಡಿ ಅಗಲ, ನಾಲ್ಕಡಿ ಆಳದ ಕೊಳ ಕಟ್ಟಿಸಿದೆವು. ಒಂದು ಬದಿಗೆ ಹಿಡಿಕೆ, ಇಳಿಯಲು ಮೆಟ್ಟಿಲು. ಮೈದುನ ಬಂದು ನೋಡಿ, “ವೈನೀ, ಮೀನ ಯಾವಾಗ ಬಿಡೋದು?” ಎಂದ.

“ನಿನ್ನ ಹೆಗಲ ಬಿಟ್ಟು ನಡದ್ರ ಸಾಕ ನೋಡು. ಮತ್ತೇನೂ ಬ್ಯಾಡ ನನಗ” ಎಂದಿದ್ದರು ನಮ್ಮ ಮನೆಯವರು. ನಾನು ಹರಕೆ ಹೊತ್ತದ್ದೂ ಇದಕ್ಕೇ.

ಆದರೆ ನಿಂತ ನೀರು ಕೆಡುತ್ತದೆ. ಅದನ್ನು ದಿನಾ ತಿರುಗಿಸಬೇಕು, ಸೋಸಬೇಕು, ಔಷಧ ಹಾಕಬೇಕು. ಇದನ್ನೆಲ್ಲ ತಾನೇ ಮಾಡುವ ಯಂತ್ರವಿದೆ ಎಂದು ಹುಬ್ಬಳ್ಳಿಯಿಂದ ಕಂಪನಿಯವರೊಬ್ಬರು ಬಂದರು. ಅವರ ಹತ್ತಿರ ಮೂರು ಬಗೆ. ಒಂದು ಬರೀ ಟೈಮರು, ಹೊತ್ತಿಗೆ ಸರಿಯಾಗಿ ಮೋಟಾರು ಚಾಲೂ ಮಾಡಿ ಬಂದ್ ಮಾಡುತ್ತದೆ. ಎರಡನೆಯದನ್ನು ಫೋನಿನಿಂದಲೇ ನಡೆಸಬಹುದು. ಮೂರನೆಯದಕ್ಕೆ ಎರಡು ಕಡ್ಡಿಗಳು. ಅವು ನೀರಿನ ಗುಣ ತಿಳಿದು, ಎಷ್ಟು ಬೇಕೋ ಅಷ್ಟು ಕ್ಲೋರಿನ್ನನ್ನು ತಾವೇ ಬಿಡುತ್ತವೆ. ನಮ್ಮ ಮನೆಯವರಿಗೆ ಮೂರನೆಯದೇ ಬೇಕು. “ಇಕಿಗೆ ಮೊದಲಽ ನನ್ನದೊಂದು ಕೆಲಸ. ಮತ್ತ ಕೊಳದ್ದೂ ಬ್ಯಾಡ” ಎಂದರು. ನೀರಿನ ವಿಷಯ ಎಂದ ಮೇಲೆ ಕಾಕಾರನ್ನೊಮ್ಮೆ ಕೇಳೋಣ ಎಂದೆ ನಾನು. ಮರುದಿನವೇ ರೋಣದಲ್ಲಿ ಬಸ್ಸು ಬದಲಿಸಿ ಬಂದರು. ಕೈಯಲ್ಲಿ ಕೊಡೆ, ಹೆಗಲಲ್ಲಿ ಬಟ್ಟೆಯ ಚೀಲ.

ನನ್ನನ್ನು ಕೇಳಿ ಮುಗಿದ ಮೇಲೆ ಕಂಪನಿಯವರ ಸರದಿ.

“ಈ ಟೈಮರ್ ಗಡಿಯಾರ ಕರೆಂಟ್ ಹೋದಾಗ ನಡೀತೈತೋ, ನಿಲ್ಲತೈತೋ?”

“ಕರೆಂಟ್ ಬಂದ ಮ್ಯಾಲ ಮತ್ತ ಚಾಲೂ ಆಗತೈತ್ರಿ ಅಜ್ಜಾರ.”

“ಚಾಲೂ ಆಗತೈತಿ, ಖರೇ. ಎಷ್ಟ ಗಂಟೆ ಆಗೇತಂತ ತಿಳಕೊಂಡು ಚಾಲೂ ಆಗತೈತಿ? ಹತ್ತಕ್ಕ ನಿಂತದ್ದು ಹನ್ನೆರಡಕ್ಕ ಎದ್ದು, ಇನ್ನೂ ಹತ್ತಽ ಅಂತ ತಿಳಕೊಂಡ್ರ?”

ಅವರು ಆಫೀಸಿಗೆ ಫೋನ್ ಮಾಡಿದರು. ಒಂದು ಜಾತಿಯದು ನಿಲ್ಲುತ್ತದಂತೆ. ಒಳಗೆ ಸೆಲ್ ಇದ್ದದ್ದು ನಡೆಯುತ್ತಲೇ ಇರುತ್ತದಂತೆ. ಕಾಕಾ ಬರೆದುಕೊಂಡರು.

“ನಮ್ಮದು ಸವಳ ನೀರು. ಕಡ್ಡಿ ಮ್ಯಾಲ ಬಿಳೀ ಪದರ ಕೂಡತೈತಲ್ಲ?”

“ಆವಾಗಾವಾಗ ತೊಳದು ಸರಿ ಮಾಡಬೇಕ್ರಿ.”

“ಯಾರ?”

“ನಮ್ಮ ಕಡಿಯವ್ರು ಬರತಾರ.”

“ಹುಬ್ಬಳ್ಳಿಯಿಂದ?”

“ಹೌದ್ರಿ.”

ಕಾಕಾ ಯಂತ್ರಕ್ಕೆ ವಿರೋಧಿ ಎಂದು ಯಾರೂ ತಿಳಿಯಬಾರದು. ಆ ಕಡ್ಡಿಯನ್ನು ಕಂಡಾಗ ಅವರ ಮುಖ ನೋಡಬೇಕಿತ್ತು. ಪೆಟ್ಟಿಗೆ ಬಿಚ್ಚಿಸಿ ಒಳಗಿನ ತಂತಿ, ಕೊಳವೆ ಎಲ್ಲ ನೋಡಿದರು. ನೀರಿನ ಗುಣ ಕಡ್ಡಿಗೆ ಹೇಗೆ ತಿಳಿಯುತ್ತದೆ ಎಂದು ಕಂಪನಿಯವರಿಂದ ಮೂರು ಸಲ ಹೇಳಿಸಿಕೊಂಡರು. “ನನ್ನ ಮೂಗಿನಕಿಂತ ಶ್ಯಾಣ್ಯಾ ಐತ್ರಿ ಇದು!” ಎಂದು ನಕ್ಕರು. ಕೊನೆಗೆ, ಹದಿನೈದು ದಿನ ಇಟ್ಟು ನೋಡಿ ಆಮೇಲೆ ಮಾತಾಡೋಣ ಎಂದು ಎಲ್ಲರೂ ಒಪ್ಪಿದರು.

ಮೊದಲ ನಾಲ್ಕೈದು ದಿನ ಚೆನ್ನಾಗಿ ನಡೆಯಿತು. ನೀರು ತಿಳಿಯಾಗಿತ್ತು, ನಮ್ಮ ಮನೆಯವರು ಹಿಡಿಕೆ ಹಿಡಿದು ಆ ತುದಿಯಿಂದ ಈ ತುದಿಗೆ ನಡೆದರು. ಆಮೇಲೆ ನೀರು ಘಾಟು ಹೊಡೆಯತೊಡಗಿತು. ಕಣ್ಣು ಕೆಂಪಾದವು, ಮೈ ತುರಿಸಿತು. ಕಂಪನಿಯವರು ಬಂದು ನೋಡಿ, ಯಂತ್ರ ಸರಿಯಿದೆ, ನೀರಿನಲ್ಲಿ ಔಷಧ ಸಾಲುತ್ತಿಲ್ಲವೆಂದೇ ಅದು ಬಿಡುತ್ತಿದೆ ಎಂದರು. ಯಾಕೆ ಸಾಲುತ್ತಿಲ್ಲ ಎಂಬುದು ಅವರಿಗೂ ತಿಳಿಯಲಿಲ್ಲ. ನಮ್ಮ ಮನೆಯವರು ನೀರಿಗೆ ಇಳಿಯುವುದನ್ನೇ ಬಿಟ್ಟರು. ನಡಿಗೆ ಹಿಂದೆ ಸರಿದದ್ದು ಡಾಕ್ಟರಿಗಿಂತ ಮೊದಲು ನನ್ನ ಹೆಗಲಿಗೆ ಗೊತ್ತಾಯಿತು. ಅವರ ಕೈಯ ಭಾರ ದಿನದಿನಕ್ಕೆ ಹೆಚ್ಚಾಯಿತು.

“ಮಣ್ಣ ಹಾಕಿ ಮುಚ್ಚಸೂಣು. ಬದನಿ ಹಚ್ಚು” ಎಂದರು ಒಂದು ಸಂಜೆ. ಅವರು ಚೇಷ್ಟೆಗೆ ಹೇಳಿದ್ದಲ್ಲ. ನಾನು ಕಾಕಾರಿಗೆ ಫೋನ್ ಮಾಡಿದೆ.

ಬಂದವರೇ ದಂಡೆಯ ಮೇಲೆ ಬಗ್ಗಿ ಮೂಸಿದರು. “ಘಾಟ ಬಂದ್ರ ಔಷಧ ಹೆಚ್ಚಾತು ಅಂತ ತಿಳಕೊಬ್ಯಾಡ್ರಿ ಅಕ್ಕಾರ. ಶುದ್ಧ ನೀರಾಗಿನ ಔಷಧ ಇಷ್ಟ ನಾರೂದಿಲ್ಲ. ಇದು ಯಾವುದರ ಕೂಡೋ ಜಗಳಾ ಹಚ್ಚೇತಿ. ಏನರೆ ಹೊಲಸ ಬೀಳತೈತೇನ್ರಿ?”

“ಏನೂ ಇಲ್ರಿ” ಎಂದೆ.

ನಾನು ಸುಳ್ಳು ಹೇಳಲಿಲ್ಲ. ಹೊಲಸು ಎಂದು ನನಗೆ ಅನಿಸಿಯೇ ಇರಲಿಲ್ಲ. ಕಾಕಾ ಆ ದಿನ ನಮ್ಮಲ್ಲೇ ಉಳಿದರು. ಮರುದಿನ ಬೆಳಿಗ್ಗೆ ನಾನು ಮಿಂದು, ಆರತಿ ತಟ್ಟೆ ಹಿಡಿದು ಹಿತ್ತಲಿಗೆ ಬಂದಾಗ ಅವರು ಆಗಲೇ ದಂಡೆಯ ಮೇಲಿದ್ದರು. ನಾನು ದಿನದ ಹಾಗೆ ಮೆಟ್ಟಿಲ ಹತ್ತಿರ ಅರಿಷಿಣ ಕುಂಕುಮ ಹಾಕಿ, ಹೂವು ಬಿಟ್ಟು, ಗಂಗವ್ವನನ್ನು ನೆನೆದು, ತಂಬಿಗೆಯಲ್ಲಿದ್ದ ಪಂಚಾಮೃತವನ್ನು ಕೊಳಕ್ಕೆ ಸುರಿದೆ. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ಮೋಟಾರು ನೀರು ಎಳೆಯುವ ಬಾಯಿಯೂ ಆ ಮೆಟ್ಟಿಲ ಪಕ್ಕದಲ್ಲೇ.

“ಎಷ್ಟ ದಿನದ್ದು ಯವ್ವಾ?” ಎಂದರು.

“ನಲವತ್ತೊಂದು.”

“ಇವತ್ತ?”

“ಹತ್ತೊಂಬತ್ತು.”

“ಹಾಲು ಪಾಕೀಟಿಂದೋ, ಎಮ್ಮೀದೋ?”

“ಎಮ್ಮೀದ್ರಿ. ಪಾಕೀಟಿಂದು ದೇವರಿಗೆ ಹ್ಯಾಂಗ ಹಾಕೋದ್ರಿ?”

ಅವರ ಭುಜ ಕುಣಿಯತೊಡಗಿತು. ಸದ್ದಿಲ್ಲದೆ ನಗುವುದು ಅವರ ರೀತಿ. “ಪಾಪ, ಆ ಯಂತ್ರ! ಬೆವರಿಗೆ, ಎಲಿಗೆ ತಯಾರಾಗಿ ಬಂದೈತಿ. ಗಟ್ಟಿ ಎಮ್ಮಿ ಹಾಲಿಗೆ ಏನ ಮಾಡೀತು? ದಿನಾ ಔಷಧ ಬಿಡತೈತಿ, ದಿನಾ ನೀವು ತಿನ್ನಸ್ತೀರಿ.”

ನಮ್ಮ ಮನೆಯವರ ಕಣ್ಣು ಕೆಂಪಾದದ್ದು, ಅವರು ನೀರು ಬಿಟ್ಟು ಕೂತದ್ದು, ಎಲ್ಲ ನನ್ನ ಕೈಯಿಂದಲೇ. ಅವರ ಕಾಲಿಗೆಂದು ಹಿಡಿದ ವ್ರತವೇ ಅವರ ಕಾಲನ್ನು ಹಿಡಿದು ನಿಲ್ಲಿಸಿತ್ತು. ಬಿಡೋಣವೆಂದರೆ ನಡುವೆ ಬಿಟ್ಟ ವ್ರತ ಮತ್ತೇನು ತರುತ್ತದೋ ಎಂಬ ಹೆದರಿಕೆ. ಅಲ್ಲೇ ಕೂತು ಅತ್ತೆ.

ಕಾಕಾ ಸಮಾಧಾನದ ಮಾತು ಹೇಳುವವರಲ್ಲ. ಪಂಪ್‌ಹೌಸಿನ ಸಂಗತಿ ಹೇಳಿದರು. ಮಹಾನವಮಿಗೆ ಆಯುಧ ಪೂಜೆಯ ದಿನ ಎಲ್ಲರಿಗೂ ಟಾಕಿಗೆ ಕುಂಕುಮ, ಹೂವು ಹಾಕುವ ಆಸೆಯಂತೆ. ಇಡೀ ಊರು ಕುಡಿಯುವ ನೀರು ಅದು. ಹಾಕಬೇಡಿ ಎಂದರೆ ಜನರಿಗೆ ನೋವು. “ಅದಕ್ಕ ನಾ ಏನ ಮಾಡತಿದ್ದೆ, ಅದಽ ಟಾಕೀ ನೀರು ಒಂದ ಬಿಂದಿಗಿ ಮುಂದಿಟ್ಟು, ಏನ ಹಾಕತೀರಿ ಇದಕ್ಕ ಹಾಕ್ರಿ ಅಂತಿದ್ದೆ. ಆಮ್ಯಾಲ ಬೇವಿನ ಗಿಡಕ್ಕ ಸುರದು ಬರತಿದ್ದೆ. ಒಂದ ವರ್ಷಾನೂ ಗಂಗವ್ವ ಸಿಟ್ಟಾಗಿಲ್ಲ. ನಿಮ್ಮವು ಇನ್ನ ಇಪ್ಪತ್ತೆರಡು ದಿನಾ ಉಳದಾವ. ಬಿಂದಿಗಿ ಇಲ್ಲೇನ ನಿಮ್ಮನ್ಯಾಗ?”

ಇಷ್ಟು ಸುಲಭದ ದಾರಿ ನನಗೆ ಹೊಳೆದಿರಲಿಲ್ಲ. ಇದನ್ನೂ ನನ್ನ ಕೃಪೆಗಳ ಲೆಕ್ಕಕ್ಕೆ ಸೇರಿಸಿಕೊಂಡಿದ್ದೇನೆ.

ನಾನು ಎದ್ದು ಒಳಗೆ ಹೊರಟಾಗ ಮತ್ತೊಂದು ಮಾತು ಹೇಳಿದರು. ನಮ್ಮ ಮನೆಯವರನ್ನು ಅವರು ಕರೆಯುತ್ತಿದ್ದದ್ದು ಸಾಹುಕಾರ್ರು ಎಂದೇ. “ಸಾಹುಕಾರ್ರಿಗೆ ನಾ ಹೇಳೂದಿಲ್ಲ. ಆದ್ರ ಆ ಕಂಪನಿ ಮನಿಷಾ ಇವತ್ತ ಬರತಾನ. ಮಾಡಲಾರದ ತಪ್ಪಿಗೆ ಬೈಸಿಕೊಂಡು ಹೋಗಬಾರದಲ್ಲ.”

ಮಧ್ಯಾಹ್ನದ ಮುಂಚೆ ಕಂಪನಿಯವರು ಬಂದರು. ನಮ್ಮ ಮನೆಯವರು ಕುರ್ಚಿಯಲ್ಲಿ ಕೂತೇ ಶುರು ಮಾಡಿದರು, “ಏನ್ರೀ ನಿಮ್ಮ ಯಂತ್ರ, ನನ್ನ ಕಣ್ಣ ತಗೀಬೇಕಂತ ಮಾಡೇರೇನು?” ಕಾಕಾ ಕೊಡೆಯ ಹಿಡಿಕೆ ನೋಡುತ್ತ ಕೂತಿದ್ದರು. ನಾನು ಬಾಗಿಲ ಚೌಕಟ್ಟು ಹಿಡಿದು, “ಅವರನ್ನ ಬೈಬ್ಯಾಡ್ರಿ. ನಾ ದಿನಾ ಒಂದ ತಂಬಿಗಿ ಪಂಚಾಮೃತ ಹಾಕೇನ್ರಿ ಅದರಾಗ” ಎಂದೆ.

ನಮ್ಮ ಮನೆಯವರು ನನ್ನ ಕಡೆ ತಿರುಗಿ ನಿಧಾನವಾಗಿ ಕೇಳಿದರು, “ಹಾಲಿಂದು?”

“ಹೂಂನ್ರಿ.”

“ಎಮ್ಮಿ ಹಾಲ ಕಡಿಮಿ ಕೊಡತೈತಿ ಅಂತ ಇಷ್ಟ ದಿನಾ ನನಗ ಕರೀ ಚಾ ಕುಡಿಸಿದೆಲ್ಲಾ!”

ಮೊದಲು ಕಾಕಾರ ಭುಜ ಕುಣಿಯಿತು. ಆಮೇಲೆ ನಮ್ಮ ಮನೆಯವರು ನಕ್ಕರು. ಲಕ್ವಾ ಹೊಡೆದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು. ನಗು ಬಾಯಿಯ ಒಂದೇ ಬದಿಗೆ ಬಂದರೂ ಪೂರಾ ನಗುವೇ. ಕಂಪನಿಯವರು ತಮ್ಮ ಪುಸ್ತಕ ತಿರುವಿ, “ಮೇಡಂ, ಇದರಾಗ ಎಣ್ಣಿ ಐತಿ, ಬೆವರ ಐತಿ, ಪಂಚಾಮೃತ ಮಾತ್ರ ಇಲ್ರಿ” ಎಂದರು.

ಹಾಗಾದರೆ ಯಂತ್ರದ ತಪ್ಪಿಲ್ಲ, ಅದನ್ನೇ ಇಟ್ಟುಕೊಳ್ಳೋಣ ಎಂದರು ನಮ್ಮ ಮನೆಯವರು. ಕಾಕಾ ತಲೆ ಅಲ್ಲಾಡಿಸಿದರು.

“ತಪ್ಪಿಲ್ಲ, ಖರೇ. ಆದ್ರೂ ಬ್ಯಾಡ್ರಿ. ಕಡ್ಡಿಗೆ ಸವಳ ಹಿಡದ ದಿನಾ ಅದು ತಪ್ಪ ಹೇಳತೈತಿ. ತಪ್ಪ ಹೇಳಾಕ ಹತ್ತೇತಿ ಅಂತ ನಿಮಗ ಹ್ಯಾಂಗ ತಿಳೀಬೇಕು? ಮೋಟಾರ ನಡಸೂದು ಯಂತ್ರಕ್ಕ ಬಿಡ್ರಿ, ಅದು ಮರಿಯೂದಿಲ್ಲ. ಸೆಲ್ ಇದ್ದ ಟೈಮರು ತಗೋರಿ. ನೀರು ಇಳದ್ರ ತಾನಽ ತುಂಬೂ ವಾಲ್ವ್ ಒಂದು. ನೀರಿಲ್ಲದ ಮೋಟಾರ ತಿರುಗಿದ್ರ ಬಂದ್ ಆಗೂದೊಂದು. ಸಣ್ಣ ಕೊಳಕ್ಕ ಇಷ್ಟ ಸಾಕು. ಔಷಧ ಮಾತ್ರ ದಿನಾ ನೋಡಿ ಕೈಯಿಂದ ಹಾಕ್ರಿ.”

“ಕೈಯಿಂದ ಅಂದ್ರ ಯಾರ ಕೈಯಿಂದ ಕಾಕಾ? ಇಕಿಗೆ ಮತ್ತ ಇದೊಂದು ಕೆಲಸಾನ?”

ಕಾಕಾ ಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ನಮ್ಮ ಮನೆಯವರ ತೊಡೆಯ ಮೇಲಿಟ್ಟರು. ಪಂಪ್‌ಹೌಸಿನಲ್ಲಿ ನೀರು ಪರೀಕ್ಷೆ ಮಾಡುತ್ತಿದ್ದಂಥದೇ ಡಬ್ಬಿ. ಒಂದು ಸಣ್ಣ ನಳಿಕೆ, ಒಂದು ಹನಿ ಸೀಸೆ, ಹಳದಿ ಬಣ್ಣಗಳ ಒಂದು ಪಟ್ಟಿ. ನಳಿಕೆಯಲ್ಲಿ ನೀರು ತುಂಬಿ ನಾಲ್ಕೈದು ಹನಿ ಹಾಕಿದರೆ ನೀರು ಹಳದಿಯಾಗುತ್ತದೆ. ಎಷ್ಟು ಹಳದಿ ಎಂದು ಪಟ್ಟಿಗೆ ಹಿಡಿದು ನೋಡಿದರೆ ಔಷಧ ಎಷ್ಟಿದೆ ಎಂದು ತಿಳಿಯುತ್ತದೆ.

“ನಿಮ್ಮ ಕೈಯಿಂದ” ಎಂದರು.

“ಯಾವ ಕೈ?”

“ಬಲಗೈ.”

ನಮ್ಮ ಮನೆಯವರು ಅವರ ಮುಖವನ್ನೇ ನೋಡಿದರು. ಕಾಕಾ ದೃಷ್ಟಿ ತಪ್ಪಿಸಲಿಲ್ಲ. “ಎಲ್ಲಾ ಯಂತ್ರ ಮಾಡಿಬಿಟ್ರ ನೀವು ದಿನಾ ಮುಂಜಾನೆ ಎದ್ದು ಏನ ಮಾಡತೀರಿ ಸಾಹುಕಾರ್ರ?” ಎಂದರು. ಕಂಪನಿಯವರು ಅಷ್ಟು ಹೊತ್ತಿಗೆ ಯಾಕೋ ಎದ್ದು ಹೊರಗೆ ಹೋಗಿ ನಿಂತಿದ್ದರು. ಅವರೂ ಒಳ್ಳೆಯವರೇ. ದೊಡ್ಡ ಯಂತ್ರ ವಾಪಸು ಒಯ್ದು, ಮುಖ ಗಂಟು ಹಾಕದೆ ಸಣ್ಣದನ್ನು ಜೋಡಿಸಿ ಹೋದರು.

ಕೊಳದ ಅರ್ಧ ನೀರು ತೆಂಗಿನ ಬುಡಕ್ಕೆ ಹರಿಸಿ ಹೊಸ ನೀರು ಬಿಟ್ಟೆವು. ಟೈಮರನ್ನು ಕಾಕಾ ನಸುಕಿನ ಮೂರು ಗಂಟೆಗೆ ಮೋಟಾರು ಚಾಲೂ ಆಗುವಂತೆ, ನಾನು ಏಳುವ ಹೊತ್ತಿಗೆ ನಿಲ್ಲುವಂತೆ ಇಡಿಸಿದರು. “ಐದಕ್ಕ ಎದ್ದು ಹಿತ್ತಲಿಗೆ ಬಂದ್ರ ಸದ್ದಿರಬಾರದು. ಅದು ನಿಮ್ಮ ದೇವರ ಹೊತ್ತು” ಎಂದರು. ಮೊದಲ ದಿನ ಕೇಳಿದ್ದು ಯಾಕೆಂದು ಆಗ ತಿಳಿಯಿತು. ಪೂಜೆಯನ್ನು ಬಿಂದಿಗೆಗೆ ಮಾಡಿ ನಲವತ್ತೊಂದು ದಿನ ಮುಗಿಸಿದೆ.

ಮೊದಲ ವಾರ ನಮ್ಮ ಮನೆಯವರ ಬಲಗೈಯ ಹನಿಗಳೆಲ್ಲ ಧೋತರದ ಮೇಲೆ. ಸೀಸೆ ಜಾರುತ್ತಿತ್ತು, ಅವರು ಬೈದುಕೊಳ್ಳುತ್ತಿದ್ದರು. ನಾನು ಹಿಡಿಯಲು ಹೋದರೆ ನನ್ನನ್ನೂ ಬೈಯುತ್ತಿದ್ದರು. ನಾನು ಅಡಿಗೆಮನೆಗೆ ಹೋಗಿ ನಿಲ್ಲುವುದನ್ನು ಕಲಿತೆ. ಎರಡನೆಯ ತಿಂಗಳಿಗೆ ಹನಿ ನಳಿಕೆಯೊಳಗೇ ಬಿದ್ದವು. ಬೆಳಿಗ್ಗೆ ಹಳದಿ ನೋಡಿ, ನೀರಿಗಿಳಿದು ನಡೆದು, ಸಂಜೆ ಬಿಸಿಲಿಳಿದ ಮೇಲೆ ಎಷ್ಟು ಚಮಚ ಪುಡಿ ಎಂದು ಅವರು ಹೇಳಬೇಕು, ನಾನು ಬಕೆಟ್ಟಿನಲ್ಲಿ ಕಲಸಿ ಹಾಕಬೇಕು. ಒಂದು ದಿನವೂ ತಪ್ಪಲಿಲ್ಲ. ಕಾಕಾ ಫೋನ್ ಮಾಡಿದರೆ ಇವರ ಕಾಲಿನ ಮಾತು ಕೇಳುತ್ತಿರಲಿಲ್ಲ, “ನೀರು ಹ್ಯಾಂಗದಾವ್ರಿ ಸಾಹುಕಾರ್ರ?” ಎಂದೇ ಕೇಳುತ್ತಿದ್ದರು. ಇವರು ಒಬ್ಬ ನೌಕರ ಮೇಲಿನವರಿಗೆ ವರದಿ ಕೊಡುವ ಹಾಗೆ ಹೇಳುತ್ತಿದ್ದರು. ಕಾಕಾ ಎರಡು ಮೂರು ತಿಂಗಳಿಗೊಮ್ಮೆ ಬಂದು, ದಂಡೆಯ ಮೇಲೆ ಕಾಲು ಇಳಿಬಿಟ್ಟು, ಇವರು ನಡೆಯುವುದನ್ನು ನೋಡುತ್ತ ಕೂಡುತ್ತಿದ್ದರು. ನೀರಿನಲ್ಲಿ ಕಾಲು ಯಾಕೆ ಮುರಿದಂತೆ ಕಾಣುತ್ತದೆ ಎಂದು ನನ್ನನ್ನು ಕೇಳಿದ್ದರು.

ಕಾಕಾ ಹೋದ ಸುದ್ದಿ ಫೋನಿನಲ್ಲಿ ಬಂತು. ಮಲಗಿದಲ್ಲೇ, ಯಾರಿಗೂ ತ್ರಾಸು ಕೊಡದೆ. ಐದನೆಯ ದಿನ ಕಾಕಾರ ಹೆಂಡತಿಯನ್ನು ಮಾತಾಡಿಸಿ ಬರಲು ನಾವಿಬ್ಬರೂ ಹೊರಟೆವು. ಕಾರು ಕಳಿಸುತ್ತೇನೆ ಎಂದ ಮೈದುನ. ಇವರು ಬಸ್ಸಿಗೇ ಹೋಗುವುದು ಎಂದರು. ರೋಣದಲ್ಲಿ ಬಸ್ಸು ಬದಲಿಸಿ ಚಿಕ್ಕನರಗುಂದದಲ್ಲಿ ಇಳಿದೆವು. ಇಳಿಯುವಾಗ ಅವರ ಕೈ ನನ್ನ ಹೆಗಲ ಮೇಲಿತ್ತು. ಟಂಟಂ ಗಾಡಿಯವನೊಬ್ಬ, “ಬರ್ರಿ ಅಜ್ಜಾರ, ಬಿಟ್ಟ ಬರತೇನಿ” ಎಂದ. “ಬ್ಯಾಡಪಾ” ಎಂದು ಇವರು ಕೋಲೂರಿ, ನನ್ನ ಹೆಗಲಿನಿಂದ ಕೈ ತೆಗೆದರು.

ನಾನು ಒಂದು ಹೆಜ್ಜೆ ಹಿಂದೆ ನಡೆದೆ. ಮಳೆ ಬಂದು ಹೋದ ಎರೆಮಣ್ಣು, ಕಾಲಿಗೆ ಅಂಟುತ್ತಿತ್ತು. ಗಟಾರದ ಮೇಲೆ ಹಾಸಿದ್ದ ಒಂದು ಕಲ್ಲಿನ ಹತ್ತಿರ ಅವರು ನಿಂತರು. ನಾನು ಕೈ ಚಾಚಿ ಮುಂದೆ ಹೋದೆ. “ಹಿಂದಽ ಇರು” ಎಂದರು, ತಿರುಗಿ ನೋಡದೆ. ಚಾಚಿದ ಕೈಯಲ್ಲಿ ಸೆರಗು ಹಿಡಿದುಕೊಂಡು ನಿಂತೆ. ಅವರು ಬಲಗಾಲನ್ನೇ ಮೊದಲು ಕಲ್ಲಿನ ಮೇಲಿಟ್ಟು ದಾಟಿದರು.

ಕಾಕಾರ ಹೆಂಡತಿ ಕಟ್ಟೆಯ ಮೇಲೆ ಕೂತಿದ್ದರು. ನಮ್ಮನ್ನು ಅವರು ಎಂದೂ ಕಂಡವರಲ್ಲ, ಕಾಕಾರ ಬಾಯಿಂದ ಕೇಳಿದ್ದಷ್ಟೇ. ಮೊದಲು ನಮ್ಮ ಮನೆಯವರ ಕಾಲು ನೋಡಿದರು, ಆಮೇಲೆ ಮುಖ, ಆಮೇಲೆ ಹಿಂದೆ ದೂರದಲ್ಲಿ ನಿಂತಿದ್ದ ನನ್ನನ್ನು.

“ಬಸ್‌ಸ್ಟಾಂಡಿನಿಂದ ನಡಕೋತ ಬಂದ್ರ್ಯಾ?” ಎಂದು ಎದ್ದು ನಿಂತರು.

“ಹೌದ್ರಿ” ಎಂದರು ಇವರು. ಕಟ್ಟೆಗೆ ಕೈ ಹಚ್ಚಲಿಲ್ಲ. “ನಡಕೋತಽ ಬಂದೇನ್ರಿ.”